ಫ್ರಿಜ್ಜಿನ ಮೇಲಿನ ಸ್ಕ್ಯಾನರ್

ಫೆಬ್ರವರಿ ಹದಿನೆಂಟಕ್ಕೆ ಹಳೆಯ ಜಾಲ ಆರಿಸಬೇಕು,
ಕಂಪನಿಯ ಆದೇಶ. ಎರಡು ದಿನ ಮೊದಲೇ
ನೆಬ್ರಾಸ್ಕಾದ ಮರಳುದಿಬ್ಬಗಳ ನಡುವೆ
ಅರವತ್ತು ಮೈಲಿ ಓಡಿಸಿ
ವರ್ನಾ ಕುಚೇರಾಳ ಅಂಗಳದಲ್ಲಿ ವ್ಯಾನು ನಿಲ್ಲಿಸಿದೆ.
ಗೋಪುರ ನಿಂತಿರುವುದು ಅವಳ ಹುಲ್ಲುಗಾವಲಲ್ಲಿ,
ಬೀಗದ ಕೈ ಅವಳ ಅಡುಗೆಮನೆಯ ಮೊಳೆಯಲ್ಲಿ.

"ಕೂತುಕೋ" ಎಂದಳು. ಕಾಫಿ ನೀರಿನಷ್ಟು ತೆಳು.
ಫ್ರಿಜ್ಜಿನ ಮೇಲೆ, ಬ್ರೆಡ್ಡಿನ ಡಬ್ಬಿಯ ಪಕ್ಕ,
ಮುರಿದ ಆಂಟೆನಾದ ಜಾಗದಲ್ಲಿ
ಕೋಟಿನ ಹ್ಯಾಂಗರು ಸಿಕ್ಕಿಸಿಕೊಂಡ ಸ್ಕ್ಯಾನರು
ತನ್ನಷ್ಟಕ್ಕೆ ಗರಗರ ಅನ್ನುತ್ತಿತ್ತು.

ಹದಿನೈದು ವರ್ಷ ಸುತ್ತಲಿನ ಮಾತೆಲ್ಲ ಅದರೊಳಗೆ ಬಂದಿದೆ.
ಆಗ ದನಿ ಬತ್ತಲೆ ಹೋಗುತ್ತಿತ್ತು ಗಾಳಿಯಲ್ಲಿ,
ಆಡಿದ್ದು ಆಡಿದ ಹಾಗೆಯೇ ಅಲೆಯಾಗಿ,
ಉಸಿರು ಉಬ್ಬಿದರೆ ಉಬ್ಬಿ, ತಗ್ಗಿದರೆ ತಗ್ಗಿ,
ಗುಂಡಿ ತಿರುಗಿಸಿದವರಿಗೆಲ್ಲ ಪಾಲು.
ಓರಿನ್ ಹೋರಿಗೆ ಕೊಟ್ಟ ಬೆಲೆ,
ಪಶುವೈದ್ಯೆಯ ಆಕಳಿಕೆ,
ಮರ್ಲ್ ಪಕ್ಕದ ಪೇಟೆಯ ಯಾವಳನ್ನೋ
ಹೆಂಡತಿಯನ್ನೆಂದೂ ಕರೆಯದ ಹೆಸರಿನಿಂದ ಕರೆದದ್ದು.
ಕಿವಿಗೆ ಬಿದ್ದದ್ದನ್ನು ತುಟಿಗೆ ತಂದವಳಲ್ಲ.
ಕಾನೂನಿಗೆ ವಿರುದ್ಧ, ಎಂದೆ.
"ಗೋಡೆಗೂ ಕಿವಿಯಿದೆ ಅಂತಾರೆ,
ಇಲ್ಲಿ ಗೋಡೆಯೇ ಇಲ್ಲವಲ್ಲ" ಎಂದಳು.

ಆಮೇಲೆ ಹಿಮಗಾಳಿಯ ಆ ರಾತ್ರಿಯ ಕತೆ,
ನಾನು ನಾಲ್ಕನೆಯ ಸಲ ಕೇಳಿದ್ದು:
ಓರಿನ್‌ನ ಪಿಕಪ್ಪು ಹಳ್ಳಕ್ಕೆ ಬಿದ್ದು
ಕೈಚೀಲದಷ್ಟು ದೊಡ್ಡ ಫೋನಿನೊಳಗೆ ಕೂಗುತ್ತಿದ್ದಾನೆ.
ಮೂರು ವ್ಯಾಟಿನ ಶಕ್ತಿ. ಅರ್ಧ ಮಾತು, ಅರ್ಧ ಸುಯ್ಲು.
'ಎರಡನೇ ಗೇ—' ಸ್ಸ್‌ಸ್ '—ಗಾಳಿಯಂತ್ರ—' ಸ್ಸ್‌ಸ್
ಹೆಂಡತಿಗೆ ಒಂದೂ ತಿಳಿಯಲಿಲ್ಲ.
ವರ್ನಾ ಕುರ್ಚಿ ಹತ್ತಿ ಪೆಟ್ಟಿಗೆಗೆ ಕಿವಿಯೊತ್ತಿ
ಕಾಳಿನಿಂದ ಕಲ್ಲು ಆರಿಸುವಂತೆ
ಗದ್ದಲದಿಂದ ಮಾತು ಆರಿಸಿದಳು,
ಷೆರೀಫನಿಗೆ ಜಾಗ ಹೇಳಿದಳು.
"ನೀರು ಬೆರೆತರೂ ಹಾಲು ಹಾಲೇ. ನಿನ್ನ ಹೊಸದರಲ್ಲಿ?"

ಹೊಸದರ ಪಾಠ ನನಗೆ ಬಾಯಿಗೆ ಬರುತ್ತದೆ:
ದನಿಯನ್ನು ಸೆಕೆಂಡಿಗೆ ಎಂಟು ಸಾವಿರ ಸಲ ಅಳೆದು
ಅಳತೆಯನ್ನು ಉಂಟು ಇಲ್ಲ ಉಂಟು ಉಂಟು ಇಲ್ಲ
ಎಂದು ಬರೆದು ಕಳಿಸುತ್ತೇವೆ. ಆ ಬದಿಯ ಫೋನು
ಅದನ್ನೋದಿ ದನಿಯನ್ನು ಮತ್ತೆ ಕಟ್ಟುತ್ತದೆ.
ಒಬ್ಬರ ಜಾಗದಲ್ಲಿ ನಾಲ್ಕಾರು ಜನ ಮಾತಾಡಬಹುದು.
ಸುಯ್ಲಿಲ್ಲ. ಕದ್ದು ಕೇಳುವವರಿಲ್ಲ
(ಇದನ್ನು ಕಾಫಿಯ ಲೋಟ ನೋಡುತ್ತ ಹೇಳಿದೆ).
"ದೂರವಾದರೆ?"
ದೂರವಾದರೂ ಸ್ಪಷ್ಟ.
"ಇನ್ನೂ ದೂರವಾದರೆ?"
ಆಗಲೂ ಸ್ಪಷ್ಟ. ಆಮೇಲೆ ಇಲ್ಲ.
"ಇಲ್ಲ ಅಂದರೆ?"
ಇಲ್ಲ ಅಂದರೆ ಇಲ್ಲ, ವರ್ನಾ.

ಅವಳು ಎದ್ದು ಬೀಗದ ಕೈ ಕೊಟ್ಟಳು.
ಬಾಗಿಲವರೆಗೆ ಬಂದು, ಹವಾಮಾನದ ಮಾತಿನಷ್ಟು ಸಲೀಸಾಗಿ,
"ನೀಲಿ ಅಂಚಿನ ತಟ್ಟೆ ಇನ್ನೂ ನಿನ್ನ ಹತ್ತಿರವೇ ಇದೆ" ಎಂದಳು.

ಎಂಟು ವರ್ಷದ ಹಿಂದೆ, ಇದೇ ಗೋಪುರದ ಬುಡದಲ್ಲಿ,
ಲೊರೇನ್ ಆಸ್ಪತ್ರೆಯಿಂದ ಮಾತಾಡಿದ್ದಳು:
ಮಗುವಿನ ಎದೆಬಡಿತ ಸಿಗುತ್ತಿಲ್ಲವಂತೆ.
ನಾನು ಕೇಬಲ್ಲಿನ ಸುರುಳಿಯ ಮೇಲೆ ಕುಸಿದು
ಅತ್ತದ್ದಕ್ಕೆ ದನಗಳಷ್ಟೇ ಸಾಕ್ಷಿ ಅಂದುಕೊಂಡಿದ್ದೆ.
ಮರುದಿನ ವ್ಯಾನಿನ ಸೀಟಿನ ಮೇಲೆ
ಬಟ್ಟೆ ಮುಚ್ಚಿದ ಪೈ, ನೀಲಿ ಅಂಚಿನ ತಟ್ಟೆಯಲ್ಲಿ.
ಯಾರಿಟ್ಟದ್ದೆಂದು ಮೂರು ಕಡೆ ವಿಚಾರಿಸಿದ್ದೆ.
ಇಲ್ಲಿ ಮಾತ್ರ ವಿಚಾರಿಸಿರಲಿಲ್ಲ.

ಹದಿನೆಂಟರಂದು ಬೆಳಿಗ್ಗೆ, ಕೊಠಡಿಯೊಳಗೆ,
ಹಳೆಯ ಯಂತ್ರದ ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯುತ್ತಿತ್ತು.
ಸ್ವಿಚ್ಚಿಗೆ ಕೈಯಿಡುವ ಮುನ್ನ
ಹಳೆಯ ಫೋನಿನಿಂದಲೇ ಲೊರೇನ್‌ಗೆ ಕರೆ ಮಾಡಿದೆ.
ಹೇಳುವುದೇನೂ ಇರಲಿಲ್ಲ.
ಆ ತಟ್ಟೆ ಯಾವ ಕಪಾಟಿನಲ್ಲಿದೆ ಎಂದು ಕೇಳಿದೆ,
ನಾಳೆಯೇ ತಂದುಕೊಡಬೇಕು ಎಂದೆ,
ತುಸು ನಿಧಾನವಾಗಿ,
ಬೇಕಾದ್ದಕ್ಕಿಂತ ತುಸು ಜೋರಾಗಿ.